ಅಮ್ಮನ ಹೆಬ್ಬೆರಳಿನ ಗೆರೆ

“ಒಬ್ಬೊಬ್ಬರಿಗೂ ಮೂರು ಫೋರ್ಕ್ ಯಾಕೆ? ಒಂದು ಕೆಳಗೆ ಬಿದ್ರೆ ಇನ್ನೊಂದು ಇರ್ಲಿ ಅಂತಾನಾ?”

ಕೇಳಿದ್ದು ಪ್ರಶ್ನೆಪತ್ರಿಕೆ. ಬಾಯಿ ತೆರೆದರೆ ಪ್ರಶ್ನೆಯೇ ಉದುರುತ್ತದೆಂದು ಐದನೇ ಕ್ಲಾಸಿನವರೆಲ್ಲ ಸೇರಿ ಅವಳಿಗೆ ಇಟ್ಟ ಹೆಸರು ಅದು. ಪಕ್ಕದಲ್ಲಿ ಕೂತಿದ್ದ ಕಡ್ಡಿಗೂ ಹೆಸರು ಕ್ಲಾಸಿನಿಂದಲೇ ಬಂದದ್ದು. ಅವಳು ಅಷ್ಟು ತೆಳ್ಳಗಿದ್ದಳು.

“ಮೆಲ್ಲಗೆ ಮಾತಾಡೇ,” ಎಂದಳು ಕಡ್ಡಿ. ಮೂರು ಫೋರ್ಕ್ ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಎದುರಿಗೆ ಕೂತಿದ್ದ ಕಡ್ಡಿಯ ತಾತ ನ್ಯಾಪ್‌ಕಿನ್ನನ್ನೇ ನೋಡುತ್ತಿದ್ದರು. ಹೋಟೆಲಿನವರು ಅದನ್ನು ಹಂಸದ ಹಾಗೆ ಮಡಿಚಿ ಇಟ್ಟಿದ್ದರು. “ಪಾಪ, ಯಾರೋ ಕಷ್ಟಪಟ್ಟು ಮಾಡಿದಾರೆ,” ಎಂದು ಅದನ್ನು ಹಾಗೇ ಪಕ್ಕಕ್ಕೆ ಸರಿಸಿ, ತಮ್ಮ ಜೇಬಿನ ಕರವಸ್ತ್ರವನ್ನು ತೊಡೆಯ ಮೇಲೆ ಹಾಸಿಕೊಂಡರು.

ಅದು ಊರಿನಲ್ಲೇ ದೊಡ್ಡ ಇಟಾಲಿಯನ್ ಹೋಟೆಲ್. ಕಡ್ಡಿಯ ಅಮ್ಮ ಅಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಳು. ಮೊದಲ ಐದು ವರ್ಷ ಪಾತ್ರೆ ತೊಳೆಯುವ ಸಿಂಕಿನ ಮುಂದೆ, ಈಗೊಂದು ವರ್ಷದಿಂದ ಹಿಟ್ಟಿನ ಮೇಜಿನ ಮುಂದೆ. ಅಲ್ಲಿ ಅವಳು ಕಿವಿಯಾಕಾರದ ಪಾಸ್ತಾ ಮಾಡುತ್ತಾಳೆ. ಗೋಲಿಗಿಂತ ಚಿಕ್ಕದೊಂದು ಹಿಟ್ಟಿನ ತುಂಡು, ಅದರ ಮೇಲೆ ಹೆಬ್ಬೆರಳು. ಒಂದು ಒತ್ತು, ಒಂದು ಎಳೆತ. ಪುಟಾಣಿ ಕಿವಿ ಸಿದ್ಧ.

ಇದನ್ನು ಕಡ್ಡಿ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಒಂದು ದಿನ ಪ್ರಶ್ನೆಪತ್ರಿಕೆ ಕೇಳಿಯೇಬಿಟ್ಟಳು. “ನಿಮ್ಮಮ್ಮ ಅಲ್ಲಿ ಪಾತ್ರೆ ತೊಳೆಯೋರಂತಲ್ಲ? ನೀನು ಸುಮ್ನೆ ರೀಲು ಬಿಡ್ತಿದೀಯಾ?”

“ಬಂದು ತಿಂದು ನೋಡು,” ಎಂದಿದ್ದಳು ಕಡ್ಡಿ.

ಆ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಂದು ಮಧ್ಯಾಹ್ನ ಅಡುಗೆಮನೆಯವರ ಮನೆಮಂದಿಯೇ ಅತಿಥಿಗಳು. ಒಬ್ಬರು ಸ್ನೇಹಿತರನ್ನೂ ಕರೆತರಬಹುದು. ಅವತ್ತು ಬಿಲ್ ಇಲ್ಲ, ಅದರ ಬದಲು ಒಂದು ಕಾರ್ಡ್. ಪ್ರತಿಯೊಂದು ತಿನಿಸಿನ ಬಗ್ಗೆಯೂ ಅದರಲ್ಲಿ ಒಂದು ಸಾಲು ಬರೆಯಬೇಕು, ಅನ್ನಿಸಿದ್ದನ್ನೇ ಬರೆಯಬೇಕು. ಕಾರ್ಡಿನ ಕೊನೆಗೆ ‘ಬರೆದವರ ಹೆಸರು’ ಎಂದಿತ್ತು. ಖಾಲಿ ತಟ್ಟೆಯ ಜೊತೆ ಕಾರ್ಡೂ ಒಳಗೆ ಹೋಗುತ್ತದೆ. ಹೆಡ್ ಚೆಫ್ ಅದನ್ನು ಎಲ್ಲರೆದುರು ಓದುತ್ತಾರೆ. ಮುಂದಿನ ತಟ್ಟೆಯ ಜೊತೆ ಅದು ತಿರುಗಿ ಬರುತ್ತದೆ.

ತಾತ ಕನ್ನಡಕ ಮರೆತು ಬಂದಿದ್ದರು. ಹಾಗಾಗಿ ಕಡ್ಡಿಯ ಕೈಗೆ ಪೆನ್ಸಿಲ್ ಬಂತು.

ಮೊದಲು ಬಂದದ್ದು ಬಿಸಿ ಬ್ರೆಡ್. ತಾತ ಕಣ್ಣು ಮುಚ್ಚಿ, ಬೆಳೆದವರನ್ನೂ ಬೇಯಿಸಿದವರನ್ನೂ ಕೊಟ್ಟ ದೇವರನ್ನೂ ಮನಸ್ಸಿನಲ್ಲೇ ನೆನೆದರು. ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಎರಡು ತುಂಡು ಮುಗಿಸಿದ್ದಳು. ‘ಬ್ರೆಡ್ ತುಂಬಾ ಚೆನ್ನಾಗಿದೆ,’ ಎಂದು ಕಡ್ಡಿ ಬರೆದಳು.

ಆಮೇಲೆ ಟೊಮೆಟೊ ಸೂಪ್. ಅದು ಬರುವ ದಾರಿಯಲ್ಲೇ ಆರಿಹೋಗಿತ್ತು. ‘ಸೂಪ್ ತಣ್ಣಗಿತ್ತು,’ ಎಂದು ಬರೆಯಲು ಕಡ್ಡಿಗೆ ಏನೂ ಕಷ್ಟವಾಗಲಿಲ್ಲ. ಅದು ಅಮ್ಮನ ಕೆಲಸವಲ್ಲವಲ್ಲ.

ತಟ್ಟೆ ಎತ್ತಲು ಬಂದ ವೇಟರ್ ಮುಖ ಬಿಗಿದುಕೊಂಡಿದ್ದ.

“ಅಣ್ಣಾ, ನಿಮಗೆ ಇಲ್ಲಿ ನಗೋಕೆ ಪರ್ಮಿಷನ್ ಇಲ್ವಾ?” ಎಂದು ಕೇಳಿದಳು ಪ್ರಶ್ನೆಪತ್ರಿಕೆ.

“ಸಿಹಿ ಬರೋವರೆಗೂ ಇಲ್ಲ,” ಎಂದು ಹೇಳಿ ಅವನು ಹೊರಟುಹೋದ.

ಕೊನೆಗೆ ಕಿವಿಗಳು ಬಂದವು. ಬಿಳಿಯ ಅಗಲ ತಟ್ಟೆ, ಹಸಿರು ಸೊಪ್ಪು, ಬೆಳ್ಳುಳ್ಳಿಯ ಘಮ. ಕಡ್ಡಿಯ ಎದೆ ಉಬ್ಬಿತು. ಅವಳ ಬಳಿ ಒಂದು ಗುಟ್ಟಿತ್ತು. ಸಿಂಕಿನ ಕಾಲದಲ್ಲಿ ಗಾಜಿನ ಲೋಟ ಒಡೆದು ಅಮ್ಮನ ಹೆಬ್ಬೆರಳಿಗೆ ಗಾಯವಾಗಿತ್ತು. ಆ ಕಲೆಯಿಂದಾಗಿ ಅಮ್ಮ ಒತ್ತಿದ ಪ್ರತಿ ಕಿವಿಯಲ್ಲೂ ಕೂದಲೆಳೆಯಂಥ ಗೆರೆ ಮೂಡುತ್ತಿತ್ತು. ಮನೆಯಲ್ಲಿ ಅಮ್ಮ ಅಭ್ಯಾಸ ಮಾಡುವಾಗ ಅದನ್ನು ಕಂಡುಹಿಡಿದವಳು ಕಡ್ಡಿ. ಇವತ್ತು ಆ ಗೆರೆ ತೋರಿಸಿಯೇ ಪ್ರಶ್ನೆಪತ್ರಿಕೆಯ ಬಾಯಿ ಮುಚ್ಚಿಸಬೇಕೆಂದಿದ್ದಳು.

ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಒಂದನ್ನು ಕಚ್ಚಿದಳು. “ನಡುವೆ ಹಿಟ್ಟುಹಿಟ್ಟಾಗಿದೆ. ಇದು ಹೀಗೇ ಇರ್ಬೇಕಾ?”

ಅವಳ ಫೋರ್ಕಿನ ತುದಿಯಲ್ಲಿ ಉಳಿದ ಅರ್ಧ ಕಿವಿಯನ್ನು ಕಡ್ಡಿ ನೋಡಿದಳು. ಗೆರೆ ಇತ್ತು.

ತಾನೂ ಒಂದನ್ನು ತಿಂದಳು, ಗೆರೆ ಇಲ್ಲದ್ದನ್ನು. ಅದು ಮೆತ್ತಗಿತ್ತು. ಹಿಟ್ಟಿನ ಮೇಜಿಗೆ ಹೊಸದಾಗಿ ಸೇರಿದ ಅಕ್ಕ ಮಾಡಿದ್ದಿರಬೇಕು. ಗೆರೆ ಇರುವುದನ್ನು ತಿಂದಳು. ನಡುವೆ ದಪ್ಪ, ಹಸಿ ಹಿಟ್ಟು ಹಲ್ಲಿಗೆ ಅಂಟಿತು. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೆಯೇ.

“ಇದ್ರಲ್ಲಿ ನಿಮ್ಮಮ್ಮ ಮಾಡಿದ್ದು ಯಾವ್ದು?”

“ಗೊತ್ತಿಲ್ಲ,” ಎಂದಳು ಕಡ್ಡಿ.

ಅಮ್ಮ ಒಂದು ಸಲ ನಗುತ್ತಾ ಹೇಳಿದ್ದಳು, ‘ಹಿಟ್ಟಿನ ಮೇಜಿನಿಂದ ಸಿಂಕಿಗೆ ನಾಲ್ಕೇ ಹೆಜ್ಜೆ ಕಣೇ.’ ಹಸಿ ಹಿಟ್ಟೆಂದು ಬರೆದರೆ ಅಮ್ಮನನ್ನು ಮತ್ತೆ ಅಲ್ಲಿಗೇ ಕಳಿಸಿಬಿಟ್ಟರೆ? ಅವಳು ‘ಕಿವಿ ಚೆನ್ನಾಗಿದೆ’ ಎಂದು ಬರೆದಳು. ಮೇಲಿನ ಸಾಲು ಕಣ್ಣಿಗೆ ಬಿತ್ತು: ಸೂಪ್ ತಣ್ಣಗಿತ್ತು. ಆ ಸೂಪ್ ಮಾಡಿದವರೂ ಯಾರದೋ ಅಮ್ಮ ಇರಬಹುದು, ಅಪ್ಪ ಇರಬಹುದು.

“ತಾತ, ನಿಮಗೆ ಹೇಗನ್ನಿಸ್ತು?”

“ಕೆಲವು ಚೆನ್ನಾಗಿವೆ, ಕೆಲವು ಬೆಂದಿಲ್ಲ. ಮಾಡಿದ್ದು ನನ್ನ ಮಗಳು ಅಂತ ನಾಲಿಗೆಗೆ ಹೇಳಿದ್ರೆ ಅದು ಕೇಳುತ್ತೇನಮ್ಮ?”

ಕಡ್ಡಿ ಬರೆದದ್ದನ್ನು ಅಳಿಸಿದಳು. ‘ಕೆಲವು ಕಿವಿಗಳ ನಡುವೆ ಹಸಿ ಹಿಟ್ಟು ಇದೆ,’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಳು. ಹೆಸರಿನ ಜಾಗ ಖಾಲಿ ಬಿಟ್ಟಳು. ವೇಟರ್ ತಟ್ಟೆಯನ್ನೂ ಕಾರ್ಡನ್ನೂ ಎತ್ತಿಕೊಂಡು ಹೋದ.

ಅವಳಿಗೆ ಕೂರಲಾಗಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ಬಾಗಿಲಲ್ಲಿ ದುಂಡನೆಯ ಗಾಜಿತ್ತು. ಪ್ರಶ್ನೆಪತ್ರಿಕೆಯೂ ಹಿಂದೆಯೇ ಬಂದು ತುದಿಗಾಲಲ್ಲಿ ನಿಂತಳು.

ಒಳಗೆ ಎತ್ತರದ ಬಿಳಿ ಟೋಪಿಯ ಹೆಡ್ ಚೆಫ್ ಮೇಡಂ ಕಾರ್ಡ್ ಓದಿ ತಲೆಯೆತ್ತಿದರು. “ಇವು ಯಾರದ್ದು?”

ಅವರ ಮಾತು ಮುಗಿಯುವ ಮೊದಲೇ ಒಂದು ಕೈ ಮೇಲಕ್ಕೆದ್ದಿತು. ಹಿಟ್ಟು ಮೆತ್ತಿದ ಕೈ.

“ನಂದು, ಚೆಫ್.”

“ಇಬ್ಬರು ಮಾಡಿದೀರಿ. ನಿಂದೇ ಅಂತ ಹೇಗೆ ಹೇಳ್ತೀಯಾ?”

“ಇವತ್ತು ನಮ್ಮನೆಯವ್ರು ಬರ್ತಾರಲ್ಲ, ಅಂಚು ಸೊಟ್ಟ ಆಗ್ದೆ ಚೆಂದ ಕಾಣ್ಲಿ ಅಂತ ಮೆಲ್ಲಗೆ ಒತ್ತಿದೆ. ಅದಕ್ಕೇ ದಪ್ಪ ಉಳ್ಕೊಂಡಿದೆ. ಈ ಹುಡುಗಿದು ಸರಿಯಾಗೇ ಇದೆ.”

ಹೊಸ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಕಡ್ಡಿ ಸಿಂಕಿನ ಕಡೆ ನೋಡಿದಳು. ನಾಲ್ಕೇ ಹೆಜ್ಜೆ.

“ಚೆಂದ ನೋಡೋಕೆ ಬಂದಿಲ್ಲ ಕಣಮ್ಮ ಅವ್ರು, ಹಸ್ಕೊಂಡು ಬಂದಿದಾರೆ,” ಎಂದರು ಚೆಫ್. “ಮತ್ತೆ ಮಾಡು. ನೀರು ನಾನಿಡ್ತೀನಿ.”

ಅಮ್ಮ ಹಿಟ್ಟಿನ ಮೇಜಿಗೆ ತಿರುಗಿದಳು. ಒತ್ತು, ಎಳೆತ. ಒತ್ತು, ಎಳೆತ. ಕಿವಿಗಳು ಸಾಲುಸಾಲಾಗಿ ಉದುರತೊಡಗಿದವು.

“ನಿಮ್ಮಮ್ಮ ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?” ಪ್ರಶ್ನೆಪತ್ರಿಕೆ ಪಿಸುಗುಟ್ಟಿದಳು.

“ನಂಗೆ ಗೊತ್ತಾಗ್ತಿತ್ತು,” ಎಂದಳು ಕಡ್ಡಿ. “ಅಮ್ಮ ಮಾಡಿದ್ರಲ್ಲಿ ಸಣ್ಣದೊಂದು ಗೆರೆ ಇರುತ್ತೆ.”

“ಮತ್ತೆ ಆಗ್ಲೇ ಗೊತ್ತಿಲ್ಲ ಅಂದ್ಯಲ್ಲ?”

“ಸುಳ್ಳು ಹೇಳ್ದೆ.”

ಇಬ್ಬರೂ ಮೂಗನ್ನು ಗಾಜಿಗೊತ್ತಿ ಆ ಹೆಬ್ಬೆರಳನ್ನೇ ನೋಡುತ್ತಾ ನಿಂತರು. ಅದು ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ, ಎಣಿಸಲು ಹೊರಟ ಪ್ರಶ್ನೆಪತ್ರಿಕೆಗೆ ಇಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು.

ಎರಡನೇ ತಟ್ಟೆಯನ್ನು ಅಮ್ಮನೇ ತಂದಳು. ವೇಟರ್ ಬಾಗಿಲು ಹಿಡಿದು ನಿಂತ. ಅಮ್ಮ ಬಡಿಸಿ ಹೊರಡುವಷ್ಟರಲ್ಲಿ ಅವನೇ ಒಂದು ಕುರ್ಚಿ ಎಳೆದುಕೊಟ್ಟ. ಆರು ವರ್ಷದಲ್ಲಿ ಅಮ್ಮ ಆ ಊಟದ ಹಾಲ್‌ನಲ್ಲಿ ಕೂತದ್ದು ಅದೇ ಮೊದಲು. ಏಪ್ರನ್ನಿನ ಹಿಟ್ಟು ಕುರ್ಚಿಗೆ ತಾಗಬಾರದೆಂದು ಅವಳು ತುದಿಯಲ್ಲಿ ಕೂತಳು.

ಈ ಸಲದ ಕಿವಿಗಳ ಅಂಚು ಸೊಟ್ಟಸೊಟ್ಟಗಿತ್ತು. ನಡುವೆ ತೆಳ್ಳಗೆ, ಗೆರೆ ಸ್ಪಷ್ಟ. ತಾತ ಒಂದನ್ನು ಬಾಯಿಗಿಟ್ಟು ಮತ್ತೆ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

“ತಾತ ನಿದ್ದೆ ಮಾಡ್ತಿದಾರಾ?” ಎಂದು ಕೇಳಿದ ಪ್ರಶ್ನೆಪತ್ರಿಕೆ, ಉತ್ತರಕ್ಕೆ ಕಾಯದೆ ತಟ್ಟೆಗೆ ಕೈಹಾಕಿದಳು. “ಆಂಟಿ, ಗೆರೆ ಇರೋವು ಇನ್ನೊಂದಿಷ್ಟು ಸಿಗುತ್ತಾ? ನಾಳೆ ಕ್ಲಾಸಲ್ಲಿ ನಾನೇ ಹೇಳ್ತೀನಿ.”

“ಮೊದಲ್ನೇ ತಟ್ಟೆದೂ ಹೇಳು,” ಎಂದಳು ಕಡ್ಡಿ.

ಅಮ್ಮ ಏಪ್ರನ್ನಿನ ಜೇಬಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೂಲೆಗೆ ಹಿಟ್ಟು ಅಂಟಿತ್ತು. “ಇದಕ್ಕೆ ಹೆಸರೇ ಇಲ್ಲ. ಯಾರು ಬರೆದಿದ್ದೋ ಅಂತ ಚೆಫ್ ಕೇಳ್ತಿದ್ರು.”

ಕಡ್ಡಿ ತಲೆಯೆತ್ತಿದಳು. “ನೀನೇನು ಹೇಳ್ದೆ?”

“ಏನೂ ಹೇಳ್ಲಿಲ್ಲ.” ಅಮ್ಮನ ಕಣ್ಣಿನಲ್ಲಿ ನಗುವಿತ್ತು. “ಆದ್ರೆ ಆ ‘ಕಿ’ ಬರೆಯೋ ರೀತಿ ನಂಗೆ ಗೊತ್ತಾಗಲ್ವೇನೇ?”

ಕಡ್ಡಿ ಪೆನ್ಸಿಲ್ ಎತ್ತಿಕೊಂಡಳು. ‘ಕೆಲವು ಕಿವಿಗಳ ನಡುವೆ ಹಸಿ ಹಿಟ್ಟು ಇದೆ’ ಎಂಬ ಸಾಲನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ, ‘ಎರಡನೇ ಸಲ ಮಾಡಿದ್ದು ತುಂಬಾ ರುಚಿಯಾಗಿದೆ,’ ಎಂದು ಸೇರಿಸಿದಳು.

ಆಮೇಲೆ ಹೆಸರಿನ ಜಾಗಕ್ಕೆ ಬಂದಳು. ಕಡ್ಡಿ ಎಂದು ಬರೆಯಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರನ್ನು, ಮುಂದೆ ಅಮ್ಮನ ಹೆಸರಿನ ಮೊದಲಕ್ಷರ ಸೇರಿಸಿ, ದೊಡ್ಡ ದುಂಡು ಅಕ್ಷರಗಳಲ್ಲಿ, ಪೆನ್ಸಿಲ್ ಒತ್ತಿ ಒತ್ತಿ ಬರೆದಳು.