ದಪ್ಪ ಮೊಳೆಯ ಲಗ್ನಪತ್ರಿಕೆ

2007ರ ಮಾರ್ಚ್ 12, ಬೆಳಿಗ್ಗೆ ಹತ್ತೂವರೆ. ಬೈರಾಪಟ್ಟಣದ ಕರಿಯಪ್ಪ ಚನ್ನಪಟ್ಟಣ ಠಾಣೆಗೆ ಬಂದು ಲಗ್ನಪತ್ರಿಕೆಯೊಂದರ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟ.

"ತೀರೋದ ನನ್ ತಮ್ಮನ ಹೆಂಡ್ತಿ ನಾನು ಅಂತ ಮಾಯಮ್ಮ ಇದನ್ನ ತಾಲ್ಲೂಕಾಫೀಸ್‌ಗೆ ಕೊಟ್ಟವ್ಳೆ ಸಾ, ವಂಶವೃಕ್ಷಕ್ಕೆ ಹೆಸ್ರು ಹಾಕ್ಸೋಕೆ. ಎಂಬತ್ತೊಂದ್ರ ಕಾರ್ಡಂತೆ! ಅಂಥದ್ದು ಅಚ್ಚೇ ಆಗ್ನಿಲ್ಲ."

ಸಬ್ ಇನ್ಸ್‌ಪೆಕ್ಟರ್ ಅನಂತರಾಜು FIR ದಾಖಲಿಸಿ, ತಾಲ್ಲೂಕಾಫೀಸಿನಿಂದ ಮೂಲ ಪತ್ರಿಕೆಯನ್ನು ವಶಕ್ಕೆ ಪಡೆದ. ಒಕ್ಕಣೆಯೆಲ್ಲ ಸಣ್ಣ ಅಕ್ಷರ, ವಧೂವರರ ಹೆಸರು ಮಾತ್ರ ದಪ್ಪ. ಅಕ್ಷರದ ಗೆರೆ ತುಂಬಿಕೊಂಡು ಹೊರಟು, ತಿರುವಿನಲ್ಲಿ ಎಳೆಯಷ್ಟು ತೆಳುವಾಗಿ, ತುದಿಯಲ್ಲಿ ಮತ್ತೆ ಪಾದ ಊರುತ್ತಿತ್ತು. ಹಿಂಬದಿ ಸವರಿದಾಗ ಒತ್ತಿ ಮೂಡಿದ ಹೆಸರು ಬೆರಳಿಗೆ ತಾಗಿತು. ಮಾಗಡಿಯ ತನ್ನ ಮನೆಯಲ್ಲಿ ಅವ್ವ ಜಂತೆಗೆ ಸಿಕ್ಕಿಸುತ್ತಿದ್ದ ಮದುವೆ, ತಿಥಿಯ ಕಾರ್ಡುಗಳಲ್ಲೆಲ್ಲ ಇದೇ ಅಕ್ಷರ. ಓದು ಬಾರದ ಅವ್ವ ಆ ಹೆಸರುಗಳನ್ನು ಬೆರಳಲ್ಲಿ ತಡವಿ ನೋಡುತ್ತಿದ್ದಳು.

ಪತ್ರಿಕೆಯ ಅಡಿಯಲ್ಲಿದ್ದ ಹೆಸರು ಸನಾವುಲ್ಲಾನ ಪ್ರೆಸ್ಸಿನದು. ಅಲ್ಲಿ ಮುಂದಿನ ಕೋಣೆಯಲ್ಲಿ ಆಫ್‌ಸೆಟ್ ಯಂತ್ರ ಗದ್ದಲ ಮಾಡುತ್ತಿತ್ತು. ಕೈಯಲ್ಲಿ ಜೋಡಿಸುವ ಹಳೆಯ ಸೀಸದ ಅಚ್ಚಿನ ಮೊಳೆಗಳು ಹಿಂದಿನ ಕೋಣೆಯಲ್ಲಿ ಬಿದ್ದಿದ್ದವು. ಮಧ್ಯಾಹ್ನ ಒಂದಕ್ಕೆ ಪಂಚನಾಮೆ. ಮೂರು ವರ್ಷದ ಧೂಳು. ದಪ್ಪ ಮೊಳೆಯ ಪೆಟ್ಟಿಗೆಯ ಕೆಲವು ಗೂಡುಗಳಲ್ಲಿ ಮಾತ್ರ ಧೂಳಿರಲಿಲ್ಲ, ಸೀಮೆಎಣ್ಣೆಯ ವಾಸನೆಯಿತ್ತು.

"ಕದ್ದು ಅಚ್ಚಾಕ್ದೋನು ತೊಳ್ದು, ಅದ್ರದ್ರ ಗೂಡಿಗೆ ವಾಪಸ್ ಹಾಕವ್ನಲ್ಲ ಸಾ!" ಕಾನ್‌ಸ್ಟೇಬಲ್ ಚಲುವಯ್ಯ ನಕ್ಕ. "ಇಂಥ ಕಳ್ರು ನಮ್ಮನೆ ಪಾತ್ರೆಗೂ ಬರ್ಬಾರ್ದಾ?"

"ಯಾರ ಕೈ ಇದು?" ಅನಂತರಾಜು ಕೇಳಿದ.

ಸನಾವುಲ್ಲಾ ಹೇಳಿದ: "ಮಕ್ಬೂಲ್ ಭಾಯಿ. ಮೂವತ್ತು ವರ್ಷ ಮೊಳೆ ಜೋಡಿಸ್ದೋರು. ಮೂರು ವರ್ಷದ ಹಿಂದೆ ಮೊಳೆ ಕೆಲ್ಸ ನಿಂತ್ಮೇಲೂ ಈ ಕೋಣೆ ಕೀಲಿ ಅವರತ್ರಾನೇ ಐತೆ. ನಾನೂ ವಾಪಸ್ ಕೇಳ್ನಿಲ್ಲ."

ಮರುದಿನ ಮಧ್ಯಾಹ್ನ ಎರಡು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗೇಟಿನಲ್ಲಿ, ಪಾಳಿ ಮುಗಿಸಿ ಬಂದ ಮಕ್ಬೂಲ್ ಪತ್ರಿಕೆ ನೋಡಿ ತಲೆಯಾಡಿಸಿದ.

"ನೀವು ಮಾಡಿದ್ದಾ?"

"ಹೌದು ಸಾಬ್."

"ಯಾವಾಗ?"

"ಜೋಡಿಸಿದ್ದು ಎಂಬತ್ತೊಂದ್ರಲ್ಲಿ. ಅಚ್ಚಾಕಿದ್ದು ಹೋದ ತಿಂಗಳು."

"ಅಂದರೆ?" ಅನಂತರಾಜು ಕೇಳಿದ.

"ಅವತ್ತು ಮಾಯಮ್ಮನ ಗಂಡ ಬಂದು ಬರೆಸಿದ. ಅಚ್ಚಿಗೆ ಹೋಗೋ ಮುಂಚೆ ಕರಿಯಪ್ಪ ಬಂದು ಎದುರಿಗೆ ನಿಂತ್ಕಂಡ. ಬೇರೆ ಜಾತಿ ಹೆಣ್ಣು ಅಂತ, ನನ್ ಕೈಲೇ ಮೊಳೆ ಬಿಚ್ಚಿಸ್ಬುಟ್ಟ. ಆದ್ರೂ ಸಾವನದುರ್ಗದ ತಪ್ಪಲಲ್ಲಿ ಮದುವೆ ಆಯ್ತು, ನಾನೂ ಹೋಗಿದ್ದೆ. ಹೋದ ತಿಂಗಳು ಆಯಮ್ಮ ಹಳೇ ಕಾರ್ಡು ಐತಾ ಅಂತ ಬಂದ್ರು. ಕಾರ್ಡು ಅಚ್ಚೇ ಆಗ್ನಿಲ್ಲ ಅಂತ ಹೇಳೋಕೆ ಬಾಯಿ ಬರ್ನಿಲ್ಲ. ಇದು ಹೊಸದು ಅಂತ ಅವರಿಗೆ ಗೊತ್ತಿಲ್ಲ ಸಾಬ್."

"ಮದುವೆ ನೋಡಿದವರು ನೀವು. ಅದನ್ನೇ ಹೋಗಿ ಹೇಳಬಹುದಿತ್ತಲ್ಲ?"

"ನಮ್ಮಂಥೋರ ಬಾಯ್ಮಾತು ಯಾರ್ ಕೇಳ್ತಾರೆ? ದಪ್ಪಕ್ಷರದಲ್ಲಿದ್ರೆ ನಂಬ್ತಾರೆ ಅಂದ್ಕಂಡೆ."

ಎರಡೂ ಇಪ್ಪತ್ತಕ್ಕೆ ದಸ್ತಗಿರಿ ಆಯಿತು. ಸಂಜೆ ಕೇಸ್ ಡೈರಿಯಲ್ಲಿ ಅನಂತರಾಜು ಬರೆದ: ಆರೋಪಿಗೆ ಸ್ವಂತ ಲಾಭದ ಉದ್ದೇಶ ಕಂಡುಬರಲಿಲ್ಲ; ಒಮ್ಮೆ ತಾನೇ ಬಿಚ್ಚಿದ್ದನ್ನು ಮತ್ತೆ ಜೋಡಿಸಿದ್ದಾನೆ.

ಪೆನ್ನು ಮುಚ್ಚಿ ಚಲುವಯ್ಯನನ್ನು ಕರೆದ. "ವಂಶವೃಕ್ಷದ ಅರ್ಜಿ ನೋಡ್ಕೊಳ್ತಿರೋ ಮಾಯಮ್ಮನ ವಕೀಲರಿಗೆ ಹೇಳಿ ಬಾ. ಮದುವೆಗೊಬ್ಬ ಸಾಕ್ಷಿ ಸಿಕ್ಕಿದ್ದಾನೆ ಅನ್ನು."

"ಆ ಸಾಕ್ಷಿ ಲಾಕಪ್ಪಲ್ಲವ್ನಲ್ಲ ಸಾ?"

"ಇದ್ರೆ ಇರ್ಲಿ ಕಣಯ್ಯ. ಆ ಮದುವೆ ಊಟ ಉಂಡೋನು."