ಹಳದಿ ಸ್ಟ್ಯಾಂಡಿನ ಕಾಲ್ಗುಣ

ಅವಳು ಅವನೊಡನೆ ಆಡಿದ ಮೊದಲ ಮಾತೇ ಜಗಳದ್ದು.

"ರೀ, ಸುಮ್ನೆ ಆಫ್‌ಸೈಡ್ ಆಫ್‌ಸೈಡ್ ಅಂತ ಕಿರುಚಬೇಡಿ. ಅಲ್ಲಿ ನಿಂತಿರೋದು ಲೈನ್ಸ್‌ಮನ್!"

ಹಳದಿ ತಂಡದ ಅಭಿಮಾನಿಗಳು ಕೂರುವ ಆ ಸ್ಟ್ಯಾಂಡಿನಲ್ಲಿ ನಾಲ್ಕಾರು ಸಾಲು ಗೊಳ್ಳೆಂದು ನಕ್ಕಿತು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಹೌದು, ಅಲ್ಲಿ ನಿಂತವನ ಕೈಯಲ್ಲಿ ಬಾವುಟ ಇತ್ತು. ಪಕ್ಕದಲ್ಲಿ ಕೂತಿದ್ದವಳತ್ತ ತಿರುಗಿದ. ಹಳದಿ ಸ್ಕಾರ್ಫು, ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಮೇಲಿಂದ ಅವನನ್ನೇ ಅಳೆಯುತ್ತಿದ್ದ ಎರಡು ಕಣ್ಣು.

"ನಾನು ಕನ್ನಡಕದ ಅಂಗಡೀಲಿ ಕೆಲಸ ಮಾಡ್ತೀನಿ. ನಾಳೆ ಬನ್ನಿ, ಕಣ್ಣು ನೋಡ್ತೀನಿ. ಆಮೇಲೆ ಎಷ್ಟು ಬೇಕಾದ್ರೂ ಕಿರುಚಿ."

ಅವನು ಹೋದ. ಲಿಫ್ಟ್ ರಿಪೇರಿ ಮಾಡುವ ಕೆಲಸ ಅವನದು. ಮರುದಿನ ಗ್ರೀಸು ಮೆತ್ತಿದ ಕೈಯನ್ನು ಮೂರು ಸಲ ತೊಳೆದುಕೊಂಡು, ಕತ್ತಲೆ ಕೋಣೆಯ ಎತ್ತರದ ಕುರ್ಚಿಯಲ್ಲಿ ಕೂತ. ಅವಳು ಅವನ ಮುಖಕ್ಕೆ ಭಾರದ ಚೌಕಟ್ಟು ಹಾಕಿ, ಗಾಜು ಬದಲಿಸುತ್ತಾ ಕೇಳಿದಳು.

"ಇದು ಚೆನ್ನಾಗಿದೆಯಾ, ಇದಾ?"

"ಎರಡರಲ್ಲೂ ನೀವೇ ಕಾಣ್ತೀರಿ."

"ಬೋರ್ಡ್ ನೋಡಿ ಸಾರ್, ನನ್ನನ್ನಲ್ಲ."

ಮಾತು ಗಡಸಾಗಿತ್ತು. ಆದರೆ ಹೊಸ ಗಾಜಿನೊಳಗಿಂದ ಅವನು ಮೊದಲು ಸ್ಪಷ್ಟವಾಗಿ ಕಂಡದ್ದು, ನಗು ತಡೆಯಲು ಅವಳು ಒಳಗಿನಿಂದ ಕಚ್ಚಿಕೊಂಡಿದ್ದ ಕೆನ್ನೆ.

ಅಲ್ಲಿಂದ ಮುಂದೆ ಟಿಕೆಟ್ ತರುವುದು ಅವನ ಕೆಲಸವಾಯಿತು. ಪ್ರತಿ ಹೋಮ್ ಮ್ಯಾಚಿಗೂ ಎರಡು ಸೀಟು, ಅಕ್ಕಪಕ್ಕ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಫ್ರೀ ಕಿಕ್ ಆದಾಗಲೆಲ್ಲ ಅವಳು ಅರಿವಿಲ್ಲದೆ ಅವನ ತೋಳು ಹಿಡಿಯುತ್ತಿದ್ದಳು. ಅರಿವಾದ ಕೂಡಲೇ ಬಿಟ್ಟು, ಏನೂ ಆಗದವಳಂತೆ ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದಳು. ದೇವರೇ, ಇನ್ನೊಂದು ಫ್ರೀ ಕಿಕ್ ಕೊಡಿಸಪ್ಪಾ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ.

ಅವಳು ಬಂದ ದಿನಗಳಲ್ಲಿ ತಂಡ ಗೆಲ್ಲುತ್ತಿರಲಿಲ್ಲ. ಎಲ್ಲ ಎಡವಟ್ಟಾದದ್ದು ಅಲ್ಲಿಂದಲೇ.

ಅವನು ಹುಟ್ಟಿದಾಗಿನಿಂದ ಹಳದಿ ತಂಡ ಲೀಗ್ ಗೆದ್ದಿರಲಿಲ್ಲ. ಈ ವರ್ಷ ಪಟ್ಟಿಯ ತುದಿಗೆ ಏರಿ ಕೂತಿತ್ತು. ಬೇರೆ ಊರುಗಳಲ್ಲಿ ಸಲೀಸಾಗಿ ಗೆದ್ದು ಬರುತ್ತಿದ್ದ ತಂಡ ತನ್ನ ಮನೆಯಂಗಳದಲ್ಲೇ ಒಮ್ಮೆ ಸೋತಿತು, ಒಮ್ಮೆ ಡ್ರಾ, ಮತ್ತೊಮ್ಮೆ ಡ್ರಾ. ಸ್ಟ್ಯಾಂಡಿನವರಿಗೆ ತಲೆ ಕೆಟ್ಟುಹೋಗಿತ್ತು. ಆ ಎರಡನೇ ಡ್ರಾ ಆದ ಸಂಜೆ ಸ್ಟೇಡಿಯಂ ಹೊರಗಿನ ಟೀ ಅಂಗಡಿಯಲ್ಲಿ ಎಲ್ಲರೂ ಮುಖ ಇಳಿಬಿಟ್ಟು ನಿಂತಿದ್ದರು. ಅವಳು ಆಗಲೇ ಮನೆಗೆ ಹೋಗಿದ್ದಳು. ಅವನ ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರು. ಸ್ಟ್ಯಾಂಡಿನಲ್ಲಿ ಡ್ರಮ್ ಬಾರಿಸುವವನೂ ಅವನೇ, ಎಲ್ಲರ ಯಜಮಾನನೂ ಅವನೇ.

"ಮನೇಲಿ ಆಡಿದ್ರೆ ಮಾತ್ರ ಯಾಕೋ ಹೀಗಾಗುತ್ತೆ?" ಎಂದ ಭಾವ.

ಯಾರನ್ನಾದರೂ ನಗಿಸಬೇಕು ಅನ್ನಿಸಿತು ಅವನಿಗೆ. ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ.

"ಎಲ್ಲಾ ನಮ್ಮ ಕನ್ನಡಕದವಳ ಕಾಲ್ಗುಣ ಭಾವ" ಎಂದುಬಿಟ್ಟ.

ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು ಮುಗಿದ ಮೇಲೆ ನೋಡಿದರೆ ಭಾವ ನಗುತ್ತಿರಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.

"ಲೋ, ಹೌದಲ್ಲೋ!"

ಮುಂದಿನ ಪಂದ್ಯಕ್ಕೆ ಅವಳು ಬರಬಾರದೆಂದು ತೀರ್ಮಾನವಾಯಿತು. ಹೇಳುವ ಹೊಣೆ ಅವನ ತಲೆಗೆ ಬಂತು. ತಮಾಷೆಗೆ ಅಂದೆ ಭಾವ ಎಂದು ಅವನು ಗೊಣಗಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸುವಷ್ಟು ಜೋರಾಗಿ ಅವನು ಹೇಳಲೂ ಇಲ್ಲ.

ಅಂಗಡಿಗೆ ಹೋಗಿ ಗಾಜಿನ ಕಪಾಟಿನತ್ತ ನೋಡುತ್ತಾ ಹೇಳಿದ. "ಈ ವಾರ ಟಿಕೆಟ್ ಸಿಗ್ಲಿಲ್ಲ ಕಣೆ. ಎಲ್ಲಾ ಖಾಲಿ."

"ಅಯ್ಯೋ, ಅದಕ್ಕೆ ಮುಖ ಯಾಕೆ ಇಷ್ಟು ಚಿಕ್ಕದು ಮಾಡ್ಕೊಂಡಿದ್ದೀಯ? ರೇಡಿಯೋ ಕೇಳ್ತೀನಿ ಬಿಡು. ಗೆದ್ರೆ ಗೇಟ್ ಹತ್ರ ಬರ್ತೀನಿ."

ಅವಳು ಅವನನ್ನೇ ಸಮಾಧಾನ ಮಾಡಿದಳು. ಅವನ ಕಿವಿ ಬಿಸಿಯಾಯಿತು.

ಆ ಭಾನುವಾರ ಹಳದಿ ತಂಡ ಮೂರು ಗೋಲಿನಿಂದ ಗೆದ್ದಿತು.

ಸ್ಟ್ಯಾಂಡಿಗೆ ಹುಚ್ಚು ಹಿಡಿದಿತ್ತು. ಮುಂದಿನ ಪಂದ್ಯ ಗೆದ್ದರೆ ಕಪ್ ತಮ್ಮದೇ. ಭಾವ ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಗೇಟು ದಾಟಿದ. ಯಾರೋ ಸ್ಥಳದಲ್ಲೇ ಹಾಡು ಕಟ್ಟಿದರು, ಡ್ರಮ್ಮಿಗೆ ಹೊಂದುವ ಹಾಗೆ:

"ಕನ್ನಡಕ ಬರ್ಲಿಲ್ಲ, ಗೋಲು ನಿಲ್ಲಲಿಲ್ಲ!"

ನೂರು ಗಂಟಲು ಅದನ್ನೇ ಕೂಗಿದವು. ಅವನ ಬಾಯಿಯೂ ಕೂಗಿತು. ಗೆಲುವಿನ ಅಮಲೋ, ಹೆಗಲ ಮೇಲಿನ ಎತ್ತರವೋ, ಅಂತೂ ಕೂಗಿತು. ಆಗ ಗೇಟಿನ ಕಂಬದ ಬಳಿ ಹಳದಿ ಸ್ಕಾರ್ಫು ಕಂಡಿತು. ಅವನಿಗೆ ಕೈ ಬೀಸಲೆಂದು ಎತ್ತಿದ್ದ ಅವಳ ಕೈ ಅಲ್ಲೇ ನಿಂತಿತ್ತು. ಅವಳು ಹಾಡನ್ನು ಪೂರ್ತಿ ಕೇಳಿಸಿಕೊಂಡಳು. ಅವನ ತುಟಿಗಳನ್ನು ನೋಡಿದಳು. ಆಮೇಲೆ ಕೈ ಇಳಿಸಿ, ಸ್ಕಾರ್ಫು ಬಿಚ್ಚಿ, ಮಡಚಿ, ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು.

ಅವಳೇ ಮಾಡಿಕೊಟ್ಟ ಕನ್ನಡಕದಿಂದ ಅವನಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು.

"ಇಳಿಸು ಭಾವ. ಇಳಿಸು!"

ಇಳಿಯುವಷ್ಟರಲ್ಲಿ ಅವಳು ಇರಲಿಲ್ಲ.

ಆ ವಾರ ಅವನು ಕೆಲಸದಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಲಿಫ್ಟಿನೊಳಗೆ ಮೂರು ಕಡೆಯೂ ಕನ್ನಡಿ. ರಿಪೇರಿ ಮಾಡುವಾಗ ಯಾವ ಕಡೆ ತಿರುಗಿದರೂ ಅವನೇ. ಹೆಗಲೇರಿ ಬಾಯಿ ತೆರೆದು ಕೂಗುತ್ತಿದ್ದ ಆ ಮುಖ ಇದೇ ತಾನೇ ಅನ್ನಿಸಿ, ಟಾರ್ಚು ಆರಿಸಿ ಕತ್ತಲೆಯಲ್ಲೇ ಸ್ಕ್ರೂ ಬಿಗಿಯುತ್ತಿದ್ದ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಕೊನೆಗೆ ಅಂಗಡಿಗೇ ಹೋದ.

"ಬನ್ನಿ ಸಾರ್. ಫ್ರೇಮ್ ಸಡಿಲ ಆಗಿದೆಯಾ?"

ಆ 'ಸಾರ್' ಕಪಾಳಕ್ಕೆ ಹೊಡೆದ ಹಾಗಿತ್ತು. ಅವಳು ಅವನ ಮುಖದಿಂದ ಕನ್ನಡಕ ತೆಗೆದು, ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿಮಾಡತೊಡಗಿದಳು. ಕನ್ನಡಕವಿಲ್ಲದೆ ಅವಳ ಮುಖ ಅವನಿಗೆ ಮಸುಕಾಗಿತ್ತು. ಹಾಗಾಗಿಯೇ ಬಾಯಿ ತೆರೆಯುವ ಧೈರ್ಯ ಬಂತೇನೋ.

"ಟಿಕೆಟ್ ಇತ್ತು. ಸುಳ್ಳು ಹೇಳಿದೆ."

"ಗೊತ್ತಾಯ್ತು."

"ಆ ಹಾಡು..."

"ಕಾಲ್ಗುಣ ಅನ್ನೋ ಮಾತು ಎಲ್ಲಿಂದ ಬಂತು? ನಿನ್ನ ಭಾವ ಅಂದ್ರಾ?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು.

"ಇಲ್ಲ. ನಾನೇ ಅಂದಿದ್ದು. ಎಲ್ಲರೂ ನಗಲಿ ಅಂತ."

ಸ್ಕ್ರೂಡ್ರೈವರು ನಿಂತಿತು. ಆಮೇಲೆ ಅವಳು ಮಾತಾಡಿದ್ದು ಅವನೊಡನೆ ಅಲ್ಲ, ಕೈಯಲ್ಲಿದ್ದ ಕನ್ನಡಕದೊಡನೆ ಎಂಬಂತಿತ್ತು.

"ನಾನು ಹುಟ್ಟಿದ ವಾರವೇ ಅಪ್ಪನ ಅಂಗಡಿಗೆ ಬೆಂಕಿ ಬಿತ್ತು. ಕರೆಂಟ್ ವೈರ್ ಸುಟ್ಟಿದ್ದು. ಆದ್ರೆ ನಮ್ಮ ಸೋದರತ್ತೆ ಇವಳ ಕಾಲ್ಗುಣ ಅಂದ್ರು. ಆಮೇಲೆ ಅದೇ ನನ್ನ ಹೆಸರಾಯ್ತು. ಯಾರದಾದ್ರೂ ಗೃಹಪ್ರವೇಶ ಅಂದ್ರೆ ನಾನು ಎಲ್ಲರಿಗಿಂತ ಹಿಂದೆ. ಯಾರಾದ್ರೂ ಪರೀಕ್ಷೆಗೆ ಹೊರಟ್ರೆ ನಾನು ಅಡುಗೆಮನೇಲಿ. ರೇಡಿಯೋದಲ್ಲಿ ಕಾಮೆಂಟರಿ ಕೇಳ್ತಾ ಬೆಳೆದೆ. ಯಾಕೆ ಗೊತ್ತಾ? ರೇಡಿಯೋ ಕೇಳಿದ್ರೆ ತಂಡದವರಿಗೆ ನಾನು ಬಂದಿರೋದು ಗೊತ್ತಾಗಲ್ಲ ಅಂತ. ಈ ವರ್ಷ ಮೊದಲ ಸಲ ಸ್ಟೇಡಿಯಂಗೆ ಬಂದೆ. ಅಲ್ಲಿ ಯಾರಿಗೂ ಆ ಮಾತು ಗೊತ್ತಿರ್ಲಿಲ್ಲ. ಎಷ್ಟು ಹಗುರ ಅನ್ನಿಸ್ತಿತ್ತು."

ಅವನು ತಲೆ ತಗ್ಗಿಸಿದ. ಕ್ಷಮಿಸು ಎಂಬ ಪದ ಬಾಯಿಗೆ ಬಂದು, ಅದೂ ತೀರಾ ಚಿಕ್ಕದೆನಿಸಿ, ಅಲ್ಲೇ ಉಳಿಯಿತು.

"ನೀನು ಅಂದಿದ್ದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ" ಎಂದಳು. "ಮೂರು ಗೋಲ್ ಆಯ್ತಲ್ಲ, ಅತ್ತೆ ಹೇಳಿದ್ದು ನಿಜವಿರಬೇಕು ಅಂತ ನನಗೇ ಅನ್ನಿಸಿಬಿಡ್ತು. ಹೋಗು. ಕಪ್ ಗೆದ್ದು ಬನ್ನಿ."

ಕನ್ನಡಕವನ್ನು ಅವನ ಮುಖಕ್ಕೆ ಹಾಕಲಿಲ್ಲ. ಕೌಂಟರಿನ ಮೇಲಿಟ್ಟಳು.

ಅಲ್ಲಿಂದ ಅವನು ನೇರವಾಗಿ ಅಕ್ಕನ ಮನೆಗೆ ಹೋದ. ಭಾವ ಹಾಲ್‌ನಲ್ಲಿ ಕೂತು ಡ್ರಮ್ಮಿಗೆ ಹೊಸ ಹಳದಿ ಬಟ್ಟೆ ಸುತ್ತುತ್ತಿದ್ದ. ಅವನು ನಿಂತುಕೊಂಡೇ ಎಲ್ಲ ಹೇಳಿದ. "ಈ ಭಾನುವಾರ ಅವಳನ್ನ ಕರೀತೀನಿ ಭಾವ. ಬಂದ್ರೆ ನನ್ನ ಪಕ್ಕದಲ್ಲೇ ಕೂರ್ತಾಳೆ."

ಭಾವ ಗಾಬರಿಯಾದ. "ಲೋ, ಕೈ ಮುಗೀತೀನಿ ಕಣೋ. ಈ ಒಂದು ಮ್ಯಾಚ್ ಮುಗೀಲಿ. ಆಮೇಲೆ ಬೇಕಾದ್ರೆ ಅವಳನ್ನ ಮದುವೇನೇ ಆಗು, ನಾನೇ ಮುಂದೆ ನಿಂತು ಮಾಡಿಸ್ತೀನಿ!"

ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಕ್ಕ ತಲೆ ಎತ್ತಿದಳು.

"ನಾನು ಈ ಮನೆಗೆ ಬಂದ ವರ್ಷ ನಿಮ್ಮ ತಂಡ ಕೆಳಗಿನ ಲೀಗಿಗೆ ಬಿತ್ತಲ್ಲಾ ರೀ. ಅದು ನನ್ನ ಕಾಲ್ಗುಣಾನಾ?"

"ಛೇ, ಅದೆಲ್ಲಾ ಎಲ್ಲಿಗೆ..."

"ಚೆಂಡು ಒದೆಯೋದು ಆ ಹನ್ನೊಂದು ಜನರ ಕಾಲು. ಗುಣ ನೋಡೋದಾದ್ರೆ ಅವರದ್ದು ನೋಡಿ. ಹೆಣ್ಣುಮಕ್ಕಳ ಕಾಲಿನ ತಂಟೆಗೆ ಬರಬೇಡಿ." ತಮ್ಮನತ್ತ ತಿರುಗಿದಳು. "ನೀನೂ ಅಷ್ಟೇ. ಇಲ್ಲಿ ನಮ್ಮ ಮುಂದೆ ಶೂರನಾದ್ರೆ ಸಾಲದು. ಕೂಗಿದ್ದು ಎಲ್ಲಿ?"

ಕೂಗಿದ್ದು ಎಲ್ಲಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವಳಿಗೊಂದು ಮೆಸೇಜ್ ಕಳಿಸಿದ: 'ನಿನ್ನ ಸೀಟು ಇದೆ. ಗೆಲ್ಲೋಕಲ್ಲ, ಜೊತೆಗೆ ಕೂರೋಕೆ ಬಾ. ಸೋತ್ರೆ ಇಬ್ಬರೂ ಅಳೋಣ.' ಉತ್ತರ ಬರಲಿಲ್ಲ.

ಭಾನುವಾರ ಸ್ಟೇಡಿಯಂ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಎಷ್ಟೋ ಜನ ಕಪ್ ಬಂದೇಬಿಟ್ಟಿತೆಂಬಂತೆ ಮುಖಕ್ಕೆಲ್ಲ ಹಳದಿ ಬಳಿದುಕೊಂಡಿದ್ದರು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಸಾಲಿನ ತುದಿಯಲ್ಲಿ ಗುಸುಗುಸು ಎದ್ದಿತು. ಅವಳು ಬರುತ್ತಿದ್ದಳು. ಸ್ಕಾರ್ಫು ಇರಲಿಲ್ಲ. ದಾರಿ ಬಿಡಿ, ದಾರಿ ಬಿಡಿ ಎನ್ನುತ್ತಾ, ಯಾರ ಕಾಲನ್ನೂ ತುಳಿಯದಂತೆ ಮೆಲ್ಲಗೆ ಹೆಜ್ಜೆ ಇಡುತ್ತಾ ಬಂದು ಕೂತಳು.

"ಬರಬಾರದು ಅಂದ್ಕೊಂಡಿದ್ದೆ" ಎಂದಳು ಮೈದಾನ ನೋಡುತ್ತಲೇ. "ಮನೇಲಿ ರೇಡಿಯೋ ಹಾಕೋಕೂ ಭಯ ಆಯ್ತು. ಅಷ್ಟು ಹೆದರಿಕೊಂಡು ಬದುಕೋದು ಬೇಡ ಅನ್ನಿಸ್ತು."

ಹಳದಿ ತಂಡ ಗೋಲು ಹೊಡೆಯಿತು. ಅವಳು ಅವನ ತೋಳು ಹಿಡಿದಳು, ಬಿಡುವುದು ಮರೆತಳು. ಒಂದು ಗೋಲಿನ ಮುನ್ನಡೆಯಲ್ಲೇ ಆಟ ಸಾಗಿತು. ಎಲ್ಲರೂ ಎದ್ದು ನಿಂತು ಗಡಿಯಾರ ನೋಡತೊಡಗಿದರು. ಭಾವ ಕಣ್ಣು ಮುಚ್ಚಿ ಡ್ರಮ್ ಬಾರಿಸುತ್ತಿದ್ದ. ಇನ್ನೇನು ಸೀಟಿ ಊದಬೇಕು, ಎದುರಾಳಿಗಳು ದೂರದಿಂದ ಒದ್ದ ಸಾಧಾರಣ ಚೆಂಡೊಂದು ಹಳದಿ ಗೋಲ್‌ಕೀಪರನ ಕೈಯಿಂದ ಜಾರಿ ಒಳಗೆ ಉರುಳಿತು.

ಒಂದು, ಒಂದು. ಕೊನೆಯ ಸೀಟಿ ಕೇಳಿಸಿತು. ಕಪ್ ಮುಂದಿನ ವಾರಕ್ಕೆ ಹೋಯಿತು.

ಡ್ರಮ್ ನಿಂತಿತು. ಆಮೇಲೆ ತಲೆಗಳು ತಿರುಗಿದವು. ಮೊದಲು ಹತ್ತಿರದವು, ಮತ್ತೆ ಮೇಲಿನ ಸಾಲುಗಳವು. ಎಲ್ಲವೂ ಅವಳತ್ತ. ಹಿಂದಿನಿಂದ ಯಾರೋ ಮೆಲ್ಲಗೆ ರಾಗ ಎಳೆದರು: "ಕನ್ನಡಕ ಬಂತಲ್ಲೋ..."

ಅವಳ ಮುಖ ಬಿಳಿಚಿಕೊಂಡಿತು. ಬ್ಯಾಗು ಎತ್ತಿಕೊಂಡು ಎದ್ದಳು. ಅವನು ಅವಳ ಕೈ ಹಿಡಿದುಕೊಂಡು, ಕೂತಿದ್ದ ಸೀಟಿನ ಮೇಲೇ ಹತ್ತಿ ನಿಂತ.

"ಆ ಮಾತು ಮೊದಲು ಆಡಿದ್ದು ನಾನು!" ಎಂದು ಕೂಗಿದ. "ನೀವು ನಗಲಿ ಅಂತ ಆಡಿದೆ. ನನ್ನ ಹುಡುಗಿ ಬಗ್ಗೆ ಆಡಿದೆ. ಹೆಗಲ ಮೇಲೆ ಕೂತು ಹಾಡಿದವನೂ ನಾನೇ. ನನಗೆ ನಾಚಿಕೆಯಾಗ್ತಿದೆ. ಯಾರಿಗಾದ್ರೂ ಹಾಡಬೇಕು ಅನ್ಸಿದ್ರೆ ನನ್ನ ಮುಖ ನೋಡ್ಕೊಂಡು ಹಾಡಿ. ಅವಳ ಕಡೆ ನೋಡಬೇಡಿ."

ಯಾರೂ ಹಾಡಲಿಲ್ಲ. ಕೆಲವರು ಮುಖ ತಿರುಗಿಸಿದರು, ಕೆಲವರು ಬೂಟಿನ ಲೇಸು ನೋಡಿಕೊಂಡರು. ಮೇಲಿನ ಸಾಲಿನಲ್ಲಿ ಯಾರೋ ಸಿನಿಮಾ ಡೈಲಾಗ್ ಅಂತ ಗೊಣಗಿದರು. ಆಗ ಭಾವನ ದಪ್ಪ ಗಂಟಲು ಕೇಳಿಸಿತು.

"ಕೀಪರ್ ಕೈ ಜಾರಿದ್ದಕ್ಕೆ ಆ ಹುಡುಗಿ ಏನ್ರೋ ಮಾಡ್ತಾಳೆ? ನಡೀರಿ, ಗೇಟ್ ಕಡೆ ನಡೀರಿ."

ಅವರನ್ನು ದಾಟಿ ಹೋಗುವಾಗ ಭಾವ ಒಂದು ಕ್ಷಣ ನಿಂತ. ಅವಳ ಮುಖ ನೋಡಲಾಗದೆ ಡ್ರಮ್ಮಿನ ಬಟ್ಟೆ ಸರಿಪಡಿಸುತ್ತಾ ಹೇಳಿದ: "ಮುಂದಿನ ವಾರದ ಮ್ಯಾಚು ಪಕ್ಕದ ಊರಲ್ಲಿ. ಬಸ್ ನಂದೇ. ಬೆಳಿಗ್ಗೆ ಬೇಗ ಬಾಮ್ಮ, ಕಿಟಕಿ ಸೀಟು ಹಿಡಿದಿರ್ತೀನಿ."

ಇಬ್ಬರೂ ಜನರ ನಡುವೆಯೇ ಮೆಟ್ಟಿಲಿಳಿದರು. ಅವನು ಹಿಡಿದ ಕೈ ಬಿಟ್ಟಿರಲಿಲ್ಲ. ಹಳದಿ ಬಳಿದ ಮುಖಗಳು ಅಕ್ಕಪಕ್ಕದಲ್ಲಿ ಸಪ್ಪಗೆ ಸಾಗುತ್ತಿದ್ದವು.

"ಅಷ್ಟು ಜನರ ಮುಂದೆ ನನ್ನ ಹುಡುಗಿ ಅಂದೆ" ಎಂದಳು ಅವಳು. "ನನ್ನನ್ನ ಕೇಳಿದ್ಯಾ?"

ಅವನು ತಟ್ಟನೆ ನಿಂತ. ಹಿಂದಿನವರು ಢಿಕ್ಕಿ ಹೊಡೆದು ಬೈದುಕೊಂಡು ಹೋದರು.

"ಇಲ್ಲ. ಈಗ ಕೇಳ್ತೀನಿ. ಪ್ರೀತಿಸ್ತೀನಿ ಕಣೆ, ಆ ಲೈನ್ಸ್‌ಮನ್ ದಿನದಿಂದ. ಆದ್ರೆ ನಾನು ಮಾಡಿದ್ದಕ್ಕೆ ನೀನು ಇಲ್ಲ ಅಂದ್ರೂ ಸರಿಯೇ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಕೋಪ ಇನ್ನೂ ಪೂರ್ತಿ ಹೋಗಿರಲಿಲ್ಲ; ಅದು ಹೋಗಲು ದಿನ ಬೇಕೆಂದು ಅವನಿಗೂ ಗೊತ್ತಿತ್ತು.

"ತುಂಬಾ ನೋವಾಗಿದೆ ನನಗೆ. ಇನ್ನೂ ಸ್ವಲ್ಪ ದಿನ ಬೈತೀನಿ."

"ಬೈಯಿ."

"ಮುಂದಿನ ವಾರ ಸೋತ್ರೆ?"

"ಪಕ್ಕದ ಊರಿಂದ ವಾಪಸ್ ಬರೋವರೆಗೂ ಬಸ್ಸಲ್ಲಿ ಅಳ್ತಾ ಬರೋಣ. ಭಾವನೂ ಅಳ್ತಾರೆ. ಬಸ್ ಓಡ್ಸೋರು ಯಾರು ಅನ್ನೋದೇ ಚಿಂತೆ."

ಅವಳಿಗೆ ನಗು ಬಂದುಬಿಟ್ಟಿತು. ತಡೆಯಲು ಹೋಗಲಿಲ್ಲ. ನಗುತ್ತಲೇ ಕಣ್ಣು ತುಂಬಿಕೊಂಡಿತು, ಕನ್ನಡಕದ ಗಾಜು ಮಂಜಾಯಿತು. ಏನೂ ಕಾಣಿಸದೆ ಮೆಟ್ಟಿಲ ಮೇಲೆ ಕಾಲು ತಡವರಿಸಿದಾಗ ಅವನ ಭುಜಕ್ಕೆ ಒರಗಿ, "ನೋಡ್ಕೊಂಡು ಕರ್ಕೊಂಡು ಹೋಗು" ಎಂದಳು.