ಬಾಗಿಲಲ್ಲಿ ಅಣ್ಣ

ಮಟಾಯೊ ಟೊಂಗಾ ದೇಶದ ನಮ್ಮೂರು ನುಕುಅಲೋಫಾಕ್ಕೆ ಬಂದು ನಾಲ್ಕು ದಿನವಾಗಿತ್ತು. ಇಷ್ಟು ದಿನದಲ್ಲಿ ನಾವಿಬ್ಬರೂ ಎದುರುಬದುರು ಆಡಿದ್ದು ಮೂರೇ ಮಾತು. ಅದರಲ್ಲಿ ಎರಡು ಕಲ್ಲಂಗಡಿ ಹಣ್ಣಿನ ಬಗ್ಗೆ.

ಬುಧವಾರ ಮಾರುಕಟ್ಟೆಯಲ್ಲಿ ಅಮ್ಮನ ಅಂಗಡಿ ನೋಡಿಕೊಳ್ಳುತ್ತಿದ್ದೆ. ಕುಕ್ ದ್ವೀಪದ ರಗ್ಬಿ ಆಟಗಾರರು ಹಸಿರು ಅಂಗಿ ತೊಟ್ಟು ಗುಂಪಾಗಿ ಹೋಗುತ್ತಿದ್ದರು. ಒಬ್ಬ ಮೆಲ್ಲಗೆ ಹಿಂದೆ ಉಳಿದು ನನ್ನ ಮುಂದೆ ಬಂದು ನಿಂತ. ಒಂದು ವರ್ಷ ಫೋನಿನಲ್ಲಿ ಅಂಗೈಯಗಲ ಕಂಡವನು ಎದುರಿಗೆ ಬಾಗಿಲಗಲ ಇದ್ದ.

"ಇದು ಸಿಹಿ ಇದೆಯಾ?" ಹಣ್ಣು ತಟ್ಟುತ್ತಾ ಕೇಳಿದ. ಕಣ್ಣು ಮಾತ್ರ ಹಣ್ಣಿನ ಮೇಲಿರಲಿಲ್ಲ.

"ತಟ್ಟಿದ್ರೆ ಏನ್ ಗೊತ್ತಾಗತ್ತೆ? ತಿನ್ನೋ ಧೈರ್ಯ ಬೇಕು."

ಅವನ ಕಿವಿ ಕೆಂಪಾಯಿತು. ನನ್ನ ಹೆಸರು ಹಿಡಿದು ಶುರುಮಾಡಿದ. "ಕಲೋ, ಒಂದು ವಿಷಯ..."

"ಏನಪ್ಪಾ ಹನ್ನೆರಡನೇ ನಂಬರು, ದಾರಿ ತಪ್ತಾ?"

ಅಣ್ಣ ಕೆಲೆಪಿಯ ದನಿ! ಟೊಂಗಾ ತಂಡದ ನಾಯಕ. ಅತಿಥಿಗಳಿಗೆ ಊರು ತೋರಿಸುವ ಹೊಣೆಯೂ ಅವನದೇ. ನಾನು ಹಣ್ಣಿನ ರಾಶಿಯ ಹಿಂದೆ ಕುಕ್ಕರಿಸಿಬಿಟ್ಟೆ. ಮೇಲೆದ್ದಾಗ ಮಟಾಯೊ ಇರಲಿಲ್ಲ. ಹಣ್ಣೂ ಕೊಂಡಿರಲಿಲ್ಲ.

ಅಣ್ಣನನ್ನು ಕಂಡರೆ ಹೆದರಿಕೆಯಲ್ಲ. ನಮ್ಮಲ್ಲಿ ಅಣ್ಣ ತಂಗಿ ಇಬ್ಬರೂ ಇರುವ ಕಡೆ ಪ್ರೀತಿಯ ಮಾತು ಸುಳಿಯಬಾರದು. ಟೀವಿಯಲ್ಲಿ ಹುಡುಗ ಹುಡುಗಿಯ ಕೈ ಹಿಡಿದರೂ ಸಾಕು, ಒಬ್ಬರು ಎದ್ದು ಹೋಗಬೇಕು. ನಾನು ಇವತ್ತಿಗೂ ಯಾವ ಸಿನಿಮಾದ ಕೊನೆಯನ್ನೂ ನೋಡಿಲ್ಲ. ಮನೆಯಲ್ಲಾದರೆ ಹೇಗೋ ಸಹಿಸಬಹುದು. ಈ ನಾಲ್ಕು ದಿನ ಮಟಾಯೊ ಎಲ್ಲಿದ್ದನೋ ಅಲ್ಲೆಲ್ಲ ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿರುತ್ತಿದ್ದ. ನನಗಂತೂ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು.

ಅರ್ಧ ತಪ್ಪು ನನ್ನದೇ. ಹೋದ ವರ್ಷ ಆಕ್ಲೆಂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಸೋರುವ ನಲ್ಲಿ ಸರಿಮಾಡಲು ಬಂದವನು ಇವನು. ಆಮೇಲೆ ನಲ್ಲಿ ಸರಿಯಿದ್ದರೂ ಬರತೊಡಗಿದ. ಕಳೆದ ತಿಂಗಳು ಫೋನಿನಲ್ಲಿ, "ಕಲೋ, ನಿನ್ನ ಒಂದು ಮಾತು ಕೇಳ್ಬೇಕು" ಎಂದಾಗ ನಾನೇ ಜಂಬದಿಂದ ತಡೆದಿದ್ದೆ. "ಫೋನಲ್ಲಿ ಬೇಡ. ಪಂದ್ಯಕ್ಕೆ ಬರ್ತೀಯಲ್ಲ, ನಮ್ಮೂರಲ್ಲಿ ನನ್ನೆದುರು ಕೂತು ಕೇಳು."

ಇಂಗ್ಲೆಂಡಿನ ಒಂದು ಕ್ಲಬ್ಬು ಅವನನ್ನು ಮೂರು ವರ್ಷಕ್ಕೆ ಕರೆದಿತ್ತು. ಸೋಮವಾರ ಸಹಿ ಹಾಕಬೇಕು. ತನ್ನ ಪ್ರಶ್ನೆಗೆ ನಾನು ಹೂಂ ಅಂದರೆ ಹೋಗುವುದಿಲ್ಲ, ಇಲ್ಲದಿದ್ದರೆ ಈ ಕಡೆ ಇರಲು ಕಾರಣವೇ ಇಲ್ಲ ಎಂದಿದ್ದ. ಶನಿವಾರ ಮಧ್ಯಾಹ್ನ ಪಂದ್ಯ, ಸಂಜೆಯೇ ಅವರ ವಿಮಾನ. ಭಾನುವಾರ ದೇವರ ದಿನ, ನಮ್ಮಲ್ಲಿ ವಿಮಾನವೂ ಹಾರುವುದಿಲ್ಲ.

ಶುಕ್ರವಾರ ಜಂಬ ಬಿಟ್ಟು ಮೆಸೇಜ್ ಹಾಕಿದೆ. "ಫೋನಲ್ಲೇ ಕೇಳು, ಪರವಾಗಿಲ್ಲ."

"ಆಗಲ್ಲ. ಎದುರಿಗೆ ಅಂತ ನೀನೇ ಹೇಳಿದ್ದು. ಎದುರಿಗೇ ಕೇಳ್ತೀನಿ."

ಹಟಮಾರಿ! ಫೋನನ್ನು ದಿಂಬಿಗೆ ಎಸೆದೆ.

ಕೊನೆಗೆ ದಾರಿ ತೋರಿಸಿದ್ದು ಲೊಸಲಿನಿ ಅತ್ತೆ. ಅಪ್ಪನ ಅಕ್ಕ. ಅವರ ಮಾತಿಗೆ ಅಪ್ಪನೇ ತಲೆ ಬಗ್ಗಿಸುತ್ತಾನೆ, ನನ್ನದೇನು?

"ನಾಳೆ ಸಂಜೆ ಚರ್ಚಿನ ಸಭಾಂಗಣದಲ್ಲಿ ಅತಿಥಿಗಳಿಗೆ ಕಾವಾ. ಹಂಚೋಕೆ ನೀನು ಕೂತ್ಕೋ."

ನನಗೆ ಉಸಿರು ಬಂತು. ಕಾವಾ ಎಂದರೆ ಬೇರು ಅರೆದು ಕಲೆಸಿದ ಪಾನೀಯ, ಗಂಡಸರು ಸುತ್ತ ಕೂತು ಕುಡಿಯುತ್ತಾರೆ. ಅದನ್ನು ಹಂಚುವ ಹುಡುಗಿಯ ಪಕ್ಕ ಯಾವ ಗಂಡಸಾದರೂ ಕೂತು ಮಾತಾಡಬಹುದು, ಕಾಲೆಳೆಯಬಹುದು, ಮನಸ್ಸಿನಲ್ಲಿದ್ದದ್ದನ್ನು ಕೇಳಬಹುದು. ಹಿರಿಯರೆದುರೇ ನಡೆಯುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಒಂದೇ ಕಟ್ಟುಪಾಡು. ಅವಳ ಅಣ್ಣ ತಮ್ಮಂದಿರು ಅಲ್ಲಿ ಕೂರುವಂತಿಲ್ಲ.

"ಅಣ್ಣ ಬಂದ್ಬಿಟ್ರೆ?"

"ಗೆದ್ರೆ ಊರೆಲ್ಲ ಮೆರವಣಿಗೆ ಹೋಗ್ತಾನೆ. ಸೋತ್ರೆ ಮುಸುಕು ಹಾಕ್ಕೊಂಡು ಮಲಗ್ತಾನೆ. ಎರಡರಲ್ಲೂ ಬರಲ್ಲ, ನೋಡ್ತಿರು."

ಗೆದ್ದವರು ರಗ್ಬಿ ಲೀಗ್ ವಿಶ್ವಕಪ್ಪಿಗೆ, ಸೋತವರು ಮನೆಗೆ. ಇಡೀ ಊರು ಕೆಂಪು ಬಟ್ಟೆಯಲ್ಲಿ ಬಂದು ಕೂಗುತ್ತಿತ್ತು. ನಾನು ಮಾತ್ರ ಬಾಯಿ ಬಿಗಿದುಕೊಂಡು ಕೂತಿದ್ದೆ. ಯಾರು ಗೆದ್ದರೂ ನನಗೆ ಸೋಲೇ.

"ಯಾಕೇ, ಹಲ್ಲು ನೋವಾ?" ಎಂದರು ಅತ್ತೆ.

ಕೊನೆಯ ನಿಮಿಷದವರೆಗೆ ನಾವು ಹದಿನೆಂಟು, ಅವರು ಹದಿನಾಲ್ಕು. ಆಗ ಚೆಂಡು ಮಟಾಯೊನ ಕೈ ಸೇರಿತು. ಎದುರಿಗಿದ್ದವನು ಅಣ್ಣನೊಬ್ಬನೇ. ಅಣ್ಣ ಹಾರಿ ಅವನ ಸೊಂಟ ಹಿಡಿದ, ಹಿಡಿತ ಜಾರಿತು. ಮಟಾಯೊ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದ. ನಾಲ್ಕು ಅಂಕ. ಆಮೇಲೆ ಕಂಬಗಳ ನಡುವೆ ಒದ್ದದ್ದಕ್ಕೆ ಇನ್ನೆರಡು. ಪಂದ್ಯ ಮುಗಿಯಿತು, ನಾವು ಸೋತೆವು.

ಅಣ್ಣ ಹುಲ್ಲಿನ ಮೇಲೆ ಬೋರಲಾಗಿ ಬಿದ್ದಿದ್ದ. ಮಟಾಯೊ ಬಗ್ಗಿ ಕೈ ಚಾಚಿದ. ಅಣ್ಣ ಆ ಕೈ ಹಿಡಿಯದೆ ತಾನೇ ಎದ್ದು ಹೋದ. ಇಷ್ಟು ಜನರಿದ್ದಾರೆ, ಅಣ್ಣನ ಕೈಯಿಂದಲೇ ಜಾರಬೇಕಿತ್ತೇ ಈ ಪುಣ್ಯಾತ್ಮ?

ಸಂಜೆ ಐದಕ್ಕೆ ಸಭಾಂಗಣದಲ್ಲಿ ಕಾವಾ ಕಲೆಸುತ್ತಾ ಕೂತೆ. ಆರು ದಾಟಿದ ಮೇಲೆ ಮಟಾಯೊ ತಲೆ ಬಾಚಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತ. ಹುಬ್ಬಿನ ಮೇಲೆ ಮೂರು ಹೊಲಿಗೆ.

"ನೋವಿದೆಯಾ?"

"ಇಲ್ಲಿಲ್ಲ," ಎಂದ. ಎಲ್ಲಿ ಎಂದು ಕೇಳಬೇಕಿತ್ತು. ಅದರ ಬದಲು ತೆಂಗಿನ ಚಿಪ್ಪಿಗೆ ಕಾವಾ ತುಂಬಿಸಿದೆ.

ಚಿಪ್ಪು ಕೊಡುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಅವನು ಉಸಿರೆಳೆದುಕೊಂಡು, "ಕಲೋ..." ಎಂದ.

ಎಲ್ಲರೂ ತಟ್ಟನೆ ಬಾಗಿಲಿನತ್ತ ತಿರುಗಿದರು. ತಲೆ ಎತ್ತಿದೆ. ಬಾಗಿಲಲ್ಲಿ ಅಣ್ಣ.

ಅತಿಥಿಗಳನ್ನು ಬೀಳ್ಕೊಡದೆ ಮಲಗುವ ನಾಯಕನಲ್ಲ ಅವನು. ಅದನ್ನು ಅತ್ತೆ ಮರೆತಿದ್ದರು, ನಾನೂ ಮರೆತಿದ್ದೆ. ನಾನೀಗ ಎದ್ದು ಹೋಗಬೇಕು. ಸೋತ ನಾಯಕನನ್ನು ಹೊರಗೆ ನಿಲ್ಲಿಸಿ ನಾನು ಒಳಗೆ ಕೂರುವುದು ಯಾವ ನ್ಯಾಯ? ಗಡಿಯಾರ ನೋಡಿದೆ. ಆರೂ ಹತ್ತು. ವಿಮಾನ ನಿಲ್ದಾಣಕ್ಕೆ ಅವರ ಬಸ್ಸು ಏಳಕ್ಕೆ. ಕಣ್ಣು ತುಂಬಿ ಬಂತು. ಸೋಮವಾರದ ಸಹಿ ಬಿದ್ದ ಹಾಗೆಯೇ ಎಂದುಕೊಂಡು ಚಿಪ್ಪು ಕೆಳಗಿಟ್ಟು ಮೇಲೇಳತೊಡಗಿದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. ಮಟಾಯೊನನ್ನೇ ನೋಡಿದ.

"ಚೆನ್ನಾಗಿ ಆಡಿದೆ ಕಣಯ್ಯಾ." ಆಮೇಲೆ ಪಾದ್ರಿಗಳತ್ತ ತಿರುಗಿದ. "ಅಯ್ಯನವರೇ, ಕ್ಷಮಿಸಿ. ಮೊಣಕಾಲು ಹಿಡ್ಕೊಂಡಿದೆ, ಕೆಳಗೆ ಕೂರಕ್ಕಾಗಲ್ಲ. ನಾನು ಹೊರಗೆ ಬಸ್ಸಿನ ಹತ್ರ ಇರ್ತೀನಿ. ಬಸ್ಸು ಏಳಕ್ಕೆ. ಅಲ್ಲೀವರೆಗೂ ಯಾರೂ ಏಳಬೇಡಿ. ಯಾರೂ."

ಬಾಗಿಲು ಎಳೆದುಕೊಂಡು ಹೋದ. ಅವನ ಮೊಣಕಾಲಿಗೆ ಏನೂ ಆಗಿರಲಿಲ್ಲ. ನೆಟ್ಟಗೆ ನಡೆದು ಹೋದದ್ದನ್ನು ಎಲ್ಲರೂ ಕಿಟಕಿಯಿಂದ ನೋಡಿದರು. ಅತ್ತೆ ಮೂಗು ಸೀಟಿಕೊಂಡರು.

"ಕೇಳೋ ಮಾರಾಯಾ, ಇನ್ನೇನು ಬಸ್ಸಲ್ಲಿ ಕೇಳ್ತೀಯಾ?" ಎಂದ ಹಸಿರು ಅಂಗಿಯವನೊಬ್ಬ.

ಮಟಾಯೊ ನನ್ನತ್ತ ತಿರುಗಿ ಕೂತ. ಮೈದಾನದಲ್ಲಿ ಹದಿಮೂರು ಜನರ ಮೇಲೆ ನುಗ್ಗಿದವನು ಅಂಗಿಯ ಅಂಚು ಹಿಂಡುತ್ತಿದ್ದ. "ಕಲೋ, ನನ್ನ ಮದುವೆ ಆಗ್ತೀಯಾ?"

"ನಾಲ್ಕು ದಿನ ನನ್ನ ಜೀವ ತಿಂದೆ. ಆಗ್ತೀನಿ," ಎಂದೆ.

ಇಡೀ ಸಭಾಂಗಣವೇ ಚಪ್ಪಾಳೆ ತಟ್ಟಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಏಳಕ್ಕೆ ಐದು ನಿಮಿಷವಿರುವಾಗ ಹೊರಗೆ ಬಂದೆ. ಅಣ್ಣ ಬಸ್ಸಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದ. ಅವನು ಮಾಡಿದ್ದಕ್ಕೆ ಒಂದು ಮಾತು ಹೇಳಬೇಕು. ಆದರೆ ಆ ಮಾತನ್ನು ನಾನು ಬದುಕಿರುವವರೆಗೂ ಅವನಿಗೆ ಹೇಳುವಂತಿಲ್ಲ.

"ಅಣ್ಣ, ಊಟ ಆಯ್ತಾ?"

"ಇಲ್ಲ."

"ಬೇಜಾರಾ?"

ತಿರುಗದೆಯೇ ಹೇಳಿದ. "ಪಂದ್ಯ ಸೋತಿದ್ದಕ್ಕೆ ಬೇಜಾರು. ಬೇರೆ ಯಾವುದಕ್ಕೂ ಇಲ್ಲ."

ನಾನು ಅವನಿಗೆ ತಟ್ಟೆ ತರಲು ಒಳಗೆ ಓಡಿದೆ.